ಮುರುಗೇಶನ ಭುಜ

ನಗು, ನಗು, ನಿನಗೇನು. ರಿಟೈರ್ ಆದ ಮುದುಕ ಮೊಬೈಲಲ್ಲಿ ಬೇಸ್‌ಬಾಲ್ ಆಡ್ತಾನೆ ಅಂತ ತಾನೇ? ಆಡೋದಲ್ಲ ಅಂಜು, ಆಡಿಸೋದು. ಆಫೀಸಲ್ಲಿ ಕೊನೇವರೆಗೂ ಅಸಿಸ್ಟೆಂಟ್ ಮ್ಯಾನೇಜರಾಗೇ ಕೊಳೆತ ನಿಮ್ಮಣ್ಣ ಶಿವರಾಜ ಇಲ್ಲಿ ಫುಲ್ ಮ್ಯಾನೇಜರು ತಾಯಿ. ಆ ಪಾತ್ರೆ ಈ ಕಡೆ ತಳ್ಳು, ನಾನೂ ನಾಲ್ಕು ಅವರೆಕಾಳು ಹಿತುಕ್ತೀನಿ. ಹಿತಕಿದ ಬೇಳೆ ಸಾರಾ ಇವತ್ತು? ಊಟಕ್ಕೆ ಇದ್ದೇ ಹೋಗ್ತೀನಿ ಹಾಗಾದ್ರೆ. ನೀನ್ಯಾಕೆ ಎಡಗೈಲಿ ಹಿತುಕ್ತಿದ್ದೀಯ? ಆಯ್ತು ಬಿಡು, ಕಥೆ ಕೇಳು.

ಈ ಆಟದಲ್ಲಿ ಚೆಂಡು ಎಸೆಯೋನೇ ದೇವ್ರು. ಶುರು ಮಾಡೋನು ಒಬ್ಬ. ಅವನಿಗೆ ಸುಸ್ತಾಯ್ತು ಅಂದ್ರೆ ಮಧ್ಯದಲ್ಲಿ ಇಬ್ರು ಮೂವರು ಬಂದು ಕೈ ಜೋಡಿಸ್ತಾರೆ, ರಿಲೀಫ್ ಪಿಚರ್‌ಗಳು. ಕೊನೆಗೆ, ಮ್ಯಾಚು ಕುತ್ತಿಗೆಗೆ ಬಂದಾಗ ಬರ್ತಾನೆ ನೋಡು ಒಬ್ಬ, ಕ್ಲೋಸರ್ ಅಂತ. ನಮ್ಮ ಕ್ರಿಕೆಟ್ಟಲ್ಲಿ ಕೊನೇ ಓವರ್ ಹಾಕ್ತಾನಲ್ಲ, ಅವನಪ್ಪ. ನನ್ನ ಟೀಮಿನ ಕ್ಲೋಸರ್ ಹೆಸ್ರಿಗೆ ನಾಲಿಗೆ ಹೊರಳಲ್ಲ, ಅದಕ್ಕೆ ಮುರುಗೇಶ ಅಂತಿಟ್ಟೆ. ಬಂದ ಅಂದ್ರೆ ಮುಗೀತು, ನಾನು ಆರಾಮಾಗಿ ಕಾಫಿ ಕುಡೀಬಹುದು.

ಮಧ್ಯದೋರ ಕಥೆ ಮಾತ್ರ ಕೇಳ್ಬೇಡ. ಒಬ್ಬನಿಗೆ ಹತ್ತು ಚೆಂಡು ಹಾಕೋಷ್ಟರಲ್ಲಿ ಏದುಸಿರು. ಥೇಟ್ ನಮ್ಮ ಗೌರೀಶಂಕರ. ಒಂದು ತಿಂಗಳು ಅಮ್ಮನ್ನ ಇಟ್ಕೊಳ್ಳೋ, ನಿನ್ನ ಸರದಿ ಅಂದ್ರೆ, ಎರಡನೇ ವಾರಕ್ಕೇ ಫೋನು. ಅಣ್ಣಾ, ನಮ್ಮ ಜೆ.ಪಿ. ನಗರದ ಮನೇಲಿ ಮೆಟ್ಲು ಜಾಸ್ತಿ ಅಂತೆ. ಆ ಮೆಟ್ಲು ನಿನ್ನೆ ರಾತ್ರಿ ಬೆಳೆದ್ವಾ? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನೋಡು, ಈಗ ನಕ್ಕೆ. ನಿನ್ನ ತಮ್ಮನ್ನ ಬೈದ್ರೆ ನಿನಗೆ ಖುಷಿ.

ಹಾರ್ನಾ? ಯಾರೋ ಬೀದೀಲಿ. ಬನಶಂಕರೀಲಿ ಹಾರ್ನ್ ಹೊಡೀದೆ ಯಾರು ಉಸಿರಾಡ್ತಾರೆ ಹೇಳು.

ಎಲ್ಲಿದ್ದೆ… ಹಾಂ, ಫೈನಲ್ಲು. ಎದುರಿಗೆ ಬಿಳೇಕಹಳ್ಳಿಯ ಡೆಂಟಿಸ್ಟ್ ಒಬ್ಬಳ ಟೀಮು. ನಾವು ಒಂದೇ ಒಂದು ರನ್ ಮುಂದೆ. ಮುರುಗೇಶನ ಹೆಸ್ರ ಪಕ್ಕ ಕೆಂಪು ಚುಕ್ಕೆ ಬಂದಿತ್ತು. ಕೆಂಪು ಚುಕ್ಕೆ ಅಂದ್ರೆ ತೋಳು ದಣಿದಿದೆ, ಇವತ್ತು ಕರೀಬೇಡಪ್ಪ ಅಂತ. ಮ್ಯಾಚ್ ಮೇಲೆ ಮ್ಯಾಚ್ ಅವನನ್ನೇ ಕರೆದಿದ್ದೆ ನೋಡು. ಚುಕ್ಕೆ ಕಾಣ್ಲಿಲ್ಲ ಅಂತಲ್ಲ, ಕಾಣ್ತು. ಆದ್ರೆ ಇವತ್ತೊಂದಿನ ತಾನೇ, ಮುರುಗೇಶ ತಾನೇ, ಅವನು ಯಾವತ್ತು ಆಗಲ್ಲ ಅಂದಿದ್ದಾನೆ… ಒತ್ತಿದೆ ಬಟನ್ನು. ಬಂದ ಪಾಪ. ಎರಡನೇ ಚೆಂಡಿಗೇ ಭುಜ ಹೋಯ್ತು. ಫೈನಲ್ಲೂ ಹೋಯ್ತು. ಆ ಡೆಂಟಿಸ್ಟ್ ನನ್ನ ಮೊಬೈಲಿಗೆ ಹಲ್ಲು ಕಿರಿಯೋ ಬೊಂಬೆ ಕಳಿಸಿದ್ಲು.

ನನ್ನ ಕೋಪ ಇರೋದೇ ಮುರುಗೇಶನ ಮೇಲೆ. ಬಾಯಿ ಬಿಟ್ಟು ಹೇಳ್ಬೇಕಲ್ವಾ? ಸಾರ್, ಇವತ್ತು ಆಗಲ್ಲ ಅಂತ? ಸುಮ್ನೆ ಎದ್ದು ಬರೋದಾ ಕರೆದಾಗೆಲ್ಲ? ಯಾಕೆ, ಹಿತುಕೋದು ನಿಲ್ಲಿಸಿಬಿಟ್ಟೆ? ಹಂಗ್ಯಾಕೆ ನೋಡ್ತೀಯ? ಆಟದ ವಿಷ್ಯ ಕಣೆ.

ನಾನಾ? ಸುಮ್ನೆ ಬಂದೆ. ತಂಗಿ ಮನೆಗೆ ಬರೋಕೆ ಕಾರಣ ಬೇಕಾ… ಮತ್ತೆ ಹಾರ್ನು. ತರಕಾರಿ ಗಾಡಿ ಇರ್ಬೇಕು. ತರಕಾರಿ ಗಾಡಿಗೆ ಕಾರಿನ ಹಾರ್ನ್ ಇರಬಾರ್ದು ಅಂತ ಕಾನೂನಿದೆಯಾ?

ಸರಿ, ಹೇಳ್ಬಿಡ್ತೀನಿ. ನಿಮ್ಮತ್ತಿಗೆ ತವರಲ್ಲಿ ಮದುವೆ, ಒಂದೇ ಓಡಾಟ. ಈ ತಿಂಗಳು ಅಮ್ಮ ನಮ್ಮನೇಲಿರ್ಬೇಕು, ಗೊತ್ತು. ನಿನ್ನ ಸರದಿ ಮೊನ್ನೆ ತಾನೇ ಮುಗೀತು, ಅದೂ ಗೊತ್ತು. ಗೌರೀಶಂಕರ ಬಿಟ್ಟ ಎರಡು ವಾರಾನೂ ನೀನೇ ನೋಡ್ಕೊಂಡೆ, ಅದನ್ನೂ ನಾನು ಮರೆತಿಲ್ಲ. ಆದ್ರೆ ಏನ್ ಮಾಡ್ಲಿ, ನೀನು ಕೈ ಹಿಡಿದ್ರೇನೇ ಅವಳಿಗೆ ಬಚ್ಚಲಿಗೆ ಹೋಗೋ ಧೈರ್ಯ. ಇವತ್ತೇ ಹೇಳು ಅಂತಿಲ್ಲ. ನಿಧಾನಕ್ಕೆ ಯೋಚ್ನೆ ಮಾಡು.

ಕಿಟಕಿ ಹತ್ರ ಯಾಕೆ ಹೋಗ್ತೀಯ? ಅಂಜು, ಬಿಸಿಲು ಅಲ್ಲಿ, ಕೂತ್ಕೊ… ಆಯ್ತು, ನೋಡು. ಹೌದು, ನನ್ನ ಕಾರೇ. ಮುಂದಿನ ಸೀಟಲ್ಲಿ ಅಮ್ಮನೇ. ಹಿಂದೆ ಇರೋದು ಅವಳ ಬ್ಯಾಗು, ವಾಕರ್ರು. ನಾನು ಕೈ ಬೀಸೋವರೆಗೂ ಸುಮ್ನಿರಮ್ಮ ಅಂತ ಹೇಳಿ ಬಂದಿದ್ದೆ. ಮುದುಕಿ ಯಾವತ್ತು ನನ್ನ ಮಾತು ಕೇಳಿದ್ದಾಳೆ.

ಏನಾದ್ರೂ ಅನ್ನು. ಬೈಯಿ. ಚಿಕ್ಕೋಳಿದ್ದಾಗ ಎಷ್ಟು ಬಾಯಿ ಇತ್ತು ನಿನಗೆ…

ಅಂಜು, ಬಲಗೈ ಯಾಕೆ ಹಂಗೆ ಇಳಿಬಿಟ್ಟಿದ್ದೀಯ? ಪರದೆ ಸರಿಸೋಕೂ ಎಡಗೈ. ಎತ್ತು ನೋಡೋಣ. ಇಷ್ಟೇನಾ? ಇನ್ನೂ ಮೇಲೆ ಬರಲ್ವಾ? ಮತ್ತೆ ಸ್ಕೂಲಲ್ಲಿ ಬೋರ್ಡ್ ಮೇಲೆ ಹೆಂಗೆ ಬರೀತೀಯ? ಯಾವಾಗಿಂದ… ಅಮ್ಮನ್ನ ಎತ್ತಿ ಎತ್ತಿನಾ? ಒಂದು ಮಾತು ಹೇಳ್ಬಾರ್ದಾಗಿತ್ತಾ ನೀನು…

ಹೇಳಿದ್ಯಾ? ಫೋನಲ್ಲಿ. ಹೌದು… ಭುಜ ನೋಯ್ತಿದೆ ಅಂದಿದ್ದೆ. ಬಾಮ್ ಹಚ್ಕೊ ಅಂದೆ ನಾನು.

ಚಪ್ಪಲಿ ಯಾಕೆ ಮೆಟ್ಕೊಳ್ತಿದ್ದೀಯ? ಅಮ್ಮನ್ನ ಇಳಿಸ್ಕೊಳ್ಳೋಕಾ? ಬೇಡ ಕಣೆ. ಅಮ್ಮನ್ನ ನಾನೇ ವಾಪಸ್ ಕರ್ಕೊಂಡ್ ಹೋಗ್ತೀನಿ, ಮದುವೆ ಮನೆ ಹಾಳಾಗ್ಲಿ. ಕೂತ್ಕೊ. ಅಂಜು, ಮೆಟ್ಲು ಇಳೀಬೇಡ್ವೆ… ನಾನಿನ್ನೂ ಬಟನ್ನೇ ಒತ್ತಿಲ್ವಲ್ಲೇ.