ಈ ಕತೆಗೆ ಹೂಂ ಅನ್ನಬ್ಯಾಡ್ರಿ

ಎರೆ... ಎರೆ ಏನೋ ಅನ್ನುತ್ತಿದ್ದರು ಆ ಹಕ್ಕಿಗೆ. ಎರೆಹುಳ ಅಲ್ಲ. ಎರೆಗುಬ್ಬಿಯೂ ಅಲ್ಲ, ಗುಬ್ಬಿ ಎಲ್ಲಿ, ಅದೆಲ್ಲಿ. ಎದ್ದು ನಿಂತರೆ ಗಂಡಸಿನ ಸೊಂಟ ಮುಟ್ಟುತ್ತಿತ್ತು. ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಸರಿಯುತ್ತಿದೆ. ಈ ಸಮುದ್ರದ ಬದಿಯ ಊರಿಗೆ ಬಂದು ಎಷ್ಟು ವರ್ಷವಾಯಿತೋ. ಇಲ್ಲಿ ಮಣ್ಣು ಕೆಂಪು, ಎರೆ ಅಂದರೇ ಯಾರಿಗೂ ತಿಳಿಯುವುದಿಲ್ಲ. ನಮ್ಮ ಜೇವರ್ಗಿ ಕಡೆ ಎರೆ ಅಂದರೆ ಕರೀ ಹೊಲ. ಅದರ ಮುಂದಿನ ಶಬ್ದ ಏನು? ರಾತ್ರಿ ಆ ಹೆಸರು ತೆಗೆದರೆ ನಮ್ಮವ್ವ ಬಾಯಿಗೆ ಕೈ ಒತ್ತುತ್ತಿದ್ದಳು. ಅದಕ್ಕೇ ಮರೆತಿರಬೇಕು. ಇರಲಿ, ಬರುತ್ತದೆ.

ಒಂದು ಮಾತು ಮೊದಲೇ. ಬೇರೆ ಕತೆಯಾದರೆ ಕೇಳುವವರು ಹೂಂ ಅನ್ನದಿದ್ದರೆ ಹೇಳುವವರಿಗೆ ಹುರುಪು ಬರುವುದಿಲ್ಲ. ಈ ಕತೆಗೆ ಮಾತ್ರ ಯಾರೂ ಹೂಂ ಅನ್ನಬೇಡಿ. ಎಚ್ಚರ ಇದ್ದೀರೆಂದು ತೋರಿಸಬೇಕಾದರೆ ತಲೆ ಆಡಿಸಿ. ಸಾಕು.

ನನ್ನ ಸೋದರತ್ತೆಯ ಮಗ ಅಂಬಾರಾಯನಿಗೆ ಆದದ್ದಿದು. ಎಮರ್ಜೆನ್ಸಿಯ ವರ್ಷ. ಕೊಳಕೂರ ದಾಟಿ ನೆಲೋಗಿ ಕಡೆ ಹೋಗುವಾಗ ಆಗ ಒಂದು ಸರಕಾರಿ ಫಾರಂ ಇತ್ತು, ಈಗ ಇಲ್ಲ. ಗಿಡ ಇಲ್ಲ, ಗುಡ್ಡ ಇಲ್ಲ. ಕಣ್ಣು ಹೋದಷ್ಟು ದೂರ ಎರೆ, ಬೀಳು ಬಿದ್ದ ಹುಲ್ಲು. ನಡುವೆ ತಗಡಿನ ಎರಡು ಕೋಣೆ. ಅಲ್ಲಿಗೆ ಮೈಸೂರು ಕಡೆಯ ಒಬ್ಬ ಸಾಹೇಬ ಬಂದಿದ್ದ. ಯಾವ ಹಕ್ಕಿ ಜೋಳ ತಿನ್ನುತ್ತದೆ, ಯಾವುದು ಹುಳ ತಿನ್ನುತ್ತದೆ ಎಂದು ಪತ್ತೆ ಹಚ್ಚುವುದು ಅವನ ಕೆಲಸ. ಹಕ್ಕಿಯನ್ನು ಕೇಳಲು ಬರುತ್ತದೆಯೇ? ಹೊಡೆಯುವುದು, ಹೊಟ್ಟೆ ಕೊಯ್ಯುವುದು, ಒಳಗಿದ್ದದ್ದನ್ನು ಚಿಮಟದಿಂದ ಎತ್ತಿ ತಾಟಿನಲ್ಲಿ ಸಾಲಾಗಿ ಇಡುವುದು.

"ಅಮೆರಿಕದ ಹುಲ್ಲು ಬಯಲಲ್ಲಿ ನಮ್ಮಜ್ಜನ ಕಾಲಕ್ಕೇ ಸಾವಿರಾರು ಹಕ್ಕಿ ಕೊಯ್ದು ನೋಡಿಬಿಟ್ರು" ಎನ್ನುತ್ತಿದ್ದ. "ಯಾವುದು ರೈತನ ಕಡೆ, ಯಾವುದು ಕಳ್ಳ ಅಂತ. ಹೊಟ್ಟೆ ಸುಳ್ಳು ಹೇಳೋದಿಲ್ಲ ಕಣಯ್ಯ."

ಅಂಬಾರಾಯ ಅವನ ಕೈಕೆಳಗೆ ದಿನಗೂಲಿ. ಹಕ್ಕಿ ಎಲ್ಲಿ ಮೇಯುತ್ತದೆ ಎಂದು ತೋರಿಸುವವ. ಅವನಲ್ಲೊಂದು ವಿದ್ಯೆ ಇತ್ತು. ಬಾಯಿ ಕಿರಿದಾದ ಮಣ್ಣಿನ ಮಗಿಗೆ ತುಟಿ ಹಚ್ಚಿ 'ಹೂಂ...' ಎಂದನೆಂದರೆ, ಆ ದೊಡ್ಡ ಹಕ್ಕಿಯ ಗಂಡು ಕೂಗಿದ ಹಾಗೆಯೇ. ಸದ್ದು ನೆಲ ಹಿಡಿದು ಉರುಳುತ್ತ ಹೋಗುತ್ತಿತ್ತು. ಎಲ್ಲೋ ದೂರದ ಹುಲ್ಲಿನಲ್ಲಿ ಹೆಣ್ಣು ಕತ್ತು ಎತ್ತುತ್ತಿತ್ತು.

ಆ ಹಕ್ಕಿಯನ್ನು ಮುಟ್ಟಬಾರದೆಂದು ಕಾಯ್ದೆ ಬಂದಿತ್ತು. ಸಾಹೇಬನಿಗೆ ಅದೇ ಬೇಕು. "ಮೊದಲು ಮೊಟ್ಟೆ, ಆಮೇಲೆ ತಾಯಿ. ತಂದುಕೊಡು, ನಿನ್ನನ್ನ ಕಾಯಂ ಮಾಡಿಸ್ತೀನಿ."

ಕಾಯಂ! ಅಂಬಾರಾಯನಿಗೆ ಆ ಒಂದು ಮಾತೇ ಸಾಕಾಗಿತ್ತು. ಅವನ ಹೆಂಡತಿ ಗುರಮ್ಮ ಹಡೆದ ಎರಡು ಕೂಸು ಮಣ್ಣಿಗೆ ಹೋಗಿದ್ದವು. ಮೂರನೆಯದು ಹೆಣ್ಣು, ರೇವಮ್ಮ, ಮೂರು ತಿಂಗಳದು, ಬದುಕಿತ್ತು. ದೃಷ್ಟಿ ಆಗಬಾರದೆಂದು ಗುರಮ್ಮ ಅದರ ಕಾಲಿಗೆ ಕರಿದಾರದಲ್ಲಿ ಒಂದು ನೀಲಿ ಮಣಿ ಕಟ್ಟಿದ್ದಳು. ಈ ಕೂಸಿಗಾದರೂ ನೆಟ್ಟಗೆ ಅನ್ನ ಕಾಣಿಸಬೇಕು ಎಂದು ಅವನ ಆಸೆ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ರಾತ್ರಿ ಅವನು ಫಾರಂ ಕಡೆಯಿಂದ ಊರಿಗೆ ಬರುತ್ತಿದ್ದ. ರುಮಾಲಿನಲ್ಲಿ ತತ್ತಿ, ಬೆಳಿಗ್ಗೆ ಸಾಹೇಬನಿಗೆ ಕೊಡಲು. ಆ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಒಂದೇ ಒಂದು ತತ್ತಿ ಇಟ್ಟು ಕಾಯುತ್ತದೆ. ತಾಯಿ ಮೇಯಲು ಸರಿದಾಗ ಎತ್ತಿಕೊಂಡು ಬಂದಿದ್ದ.

ಎರೆ ಹಸಿಯಾದರೆ ಕಾಲು ಬಿಡುವುದಿಲ್ಲ. ಪಚಕ್... ಪಚಕ್... ಸ್ವಲ್ಪ ದೂರ ನಡೆದ ಮೇಲೆ ಅವನ ಕಿವಿ ನಿಮಿರಿತು. ತನ್ನ ಒಂದು ಪಚಕ್ ಆದಮೇಲೆ ಹಿಂದೆ ಇನ್ನೊಂದು. ಹಗುರ. ಅವನು ನಿಂತ. ಅದೂ ನಿಂತಿತು.

ಹಾಳು ಬಾವಿಯ ಕಟ್ಟೆಯ ಮೇಲೆ ಬೀಡಿಯ ಕೆಂಡ ಕಂಡಿತು. ಫಾರಮಿನ ಕಾವಲುಗಾರ ಕರೀಮಸಾಬ.

"ಯಾರಲೇ?"

"ನಾ ಚಾಚಾ, ಅಂಬಾರಾಯ."

"ಗುರಮ್ಮನ್ನ ಯಾಕ ಕರಕೊಂಡು ಹೊಂಟಿ ಈ ಹೊತ್ತಿನ್ಯಾಗ? ಹಸಿ ಮೈ ಅಕಿದು."

"ಗುರಮ್ಮ ಮನ್ಯಾಗ ಅದಾಳ, ಚಾಚಾ."

ಕರೀಮಸಾಬ ಬೀಡಿಯನ್ನು ಕಲ್ಲಿಗೆ ಒತ್ತಿದ. ಚುಸ್ ಎಂದಿತು. ಬಾವಿಯ ಒಳಗೆ ಒಂದು ಹನಿ ಬಿತ್ತು... ಟಪ್.

"ಹಂಗಾರ ಹಿಂದ ನೋಡಬ್ಯಾಡ, ಬೇಟಾ" ಎಂದು ಪಿಸುಗುಟ್ಟಿದ. "ಕೈಯಾಗಿಂದು ಇಲ್ಲೇ ನೆಲಕ್ಕ ಇಡು. ಇಟ್ಟು ಸೀದಾ ನಡಿ."

"ಇಲ್ಲಿ ಇಟ್ರ ನೀ ಕಾಯಂ ಮಾಡ್ತೀ ಏನು?" ಎಂದು ಅಂಬಾರಾಯ ನಕ್ಕ. ಇಡಲಿಲ್ಲ.

ಮನೆಗೆ ಬಂದು ತತ್ತಿಯನ್ನು ತೊಟ್ಟಿಲ ಕೆಳಗೆ ಬೂದಿಯ ಬುಟ್ಟಿಯಲ್ಲಿ ಇಟ್ಟ, ಬೆಚ್ಚಗಿರಲೆಂದು. ಸ್ವಲ್ಪ ಹೊತ್ತಿಗೆ ಗುರಮ್ಮ ಅವನ ರಟ್ಟೆ ಅಲುಗಿಸಿದಳು.

"ಏನ್ರಿ... ಒಳಗಿಂದ ದನಿ ಬರಾಕತ್ತದ."

ಅವನೂ ಕಿವಿಯಿಟ್ಟು ಕೇಳಿದ. ಟಿಕ್... ಟಿಕ್... ಆಮೇಲೆ ಬಲು ಸಣ್ಣಗೆ, ಚಿಯ್ಯ್.

"ನಾಳೆ ನಾಡಿದ್ದು ಒಡದು ಬರ್ತದ ಅದು. ಹೊಳ್ಳಿ ಇಟ್ಟು ಬರ್ರಿ. ಒಂದ ಇಟ್ಟಿತ್ತಂತ ನೀವ ಹೇಳಿದ್ರಿ. ಕೋಳಿ ಅಲ್ಲ ಅದು, ಇನ್ನೊಂದು ಇಡಾಕ."

"ಮಲಕೋ ಬೇ. ಹಕ್ಕಿಗೇನ ಲೆಕ್ಕ ಬರ್ತದ?"

"ಒಂದು ಇದ್ದವರಿಗೆ ಲೆಕ್ಕ ಯಾಕ ಬೇಕ್ರಿ?" ಎಂದಳು ಗುರಮ್ಮ.

ರಾತ್ರಿಯಿಡೀ ಬಾಗಿಲ ಹೊರಗೆ ಯಾರೋ ಕಾಲು ಬದಲಿಸುತ್ತ ನಿಂತ ಹಾಗೆ... ಪಚಕ್. ಸುಮ್ಮನೆ. ಮತ್ತೆ ಪಚಕ್.

ಮರುದಿನ ಸಾಹೇಬ ತತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿಯ ತುದಿಯಿಂದ ಕುಟ್ಟಿದ. ಕಚಕ್. ಚಿಪ್ಪು ಬಿಚ್ಚಿತು. ಒಳಗೆ ಮರಿ ಇಡಿಯಾಗಿ ತುಂಬಿಕೊಂಡಿತ್ತು. ಕತ್ತು ಎತ್ತಿತು. ಬಾಯಿ ತೆರೆಯಿತು.

"ಜೀವ ಅದ್ರಿ ಸಾಹೇಬ್ರ."

"ಇರಲಿ ಬಿಡು. ಎಷ್ಟು ಹೊತ್ತು?"

ಸ್ಪಿರಿಟಿನ ಶೀಶೆಗೆ ಬಿಟ್ಟು ಬಿರಡೆ ಒತ್ತಿದ. ಮರಿ ಒಳಗೆ ಕಾಲು ಝಾಡಿಸಿತು, ಗಾಜಿಗೆ ಉಗುರು ತಾಗಿ ಕಿರ್ ಕಿರ್ ಎಂದಿತು. ನಿಂತಿತು. ಸಾಹೇಬ ಕೈ ಒರೆಸಿಕೊಂಡ. "ಮಗು ಆಯ್ತು. ಇನ್ನ ಅಮ್ಮನ್ನ ಕರಿ."

ಇಲ್ಲೊಂದು ಸಂಗತಿ ಹೇಳಬೇಕು. ದಿನವೂ ಹೊತ್ತೇರಿದ ಮೇಲೆ ಗುರಮ್ಮ ಹೊಲಕ್ಕೆ ಬುತ್ತಿ ತರುತ್ತಿದ್ದಳು. ಅವನು ಉಣ್ಣುತ್ತಿದ್ದ, ಅವಳು ಬೆನ್ನ ಹಿಂದೆ ನಿಂತಿರುತ್ತಿದ್ದಳು. ಮುಗಿಯುತ್ತ ಬಂದಾಗ ಬುತ್ತಿಯ ಡಬ್ಬಿ ನೋಡಿ "ಒಯ್ಯಲೇನ್ರಿ?" ಎನ್ನುತ್ತಿದ್ದಳು. ಅವನು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ "ಹೂಂ" ಎನ್ನುತ್ತಿದ್ದ. "ಗಂಡ ಹೆಂಡ್ತಿ ಸಂಸಾರದ ಮಾತು ಅಂದ್ರ ಇಷ್ಟ ನೋಡ್ರಿ" ಎಂದು ಆಳುಗಳು ಚಾಷ್ಟಿ ಮಾಡುತ್ತಿದ್ದರು.

ಹಕ್ಕಿಯನ್ನು ಹೊಡೆಯಲು ಅದರ ಮರುದಿನ ಬೆಳಕು ಹರಿಯುವ ಮುಂಚೆಯೇ ಹೋದರು. ಕಾಯ್ದೆಯ ಅಂಜಿಕೆ. ಸಾಹೇಬ ಬಂದೂಕು ಹಿಡಿದು ಬದುವಿನ ಮರೆಗೆ. ಅಂಬಾರಾಯ ಅವನಿಂದ ದೂರ, ಹುಲ್ಲಿನಲ್ಲಿ ಬೋರಲು, ಬಾಯಿಗೆ ಮಗಿ. ಎದುರಿಗೆ, ತತ್ತಿ ಇದ್ದ ಬರಿಯ ನೆಲದ ಆಚೆ, ತಾಯಿ ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಂತಿತ್ತು. ಮುಂದೆ ಬರುತ್ತಿಲ್ಲ, ಹಾರುತ್ತಲೂ ಇಲ್ಲ.

ಅವನು ಊದಿದ. ಹೂಂ...

ಹಕ್ಕಿ ಅಲುಗಲಿಲ್ಲ.

ಬೆನ್ನ ಹಿಂದೆ ಪಚಕ್ ಎಂದಿತು. ಬಳೆ ತಾಗಿದ ಸದ್ದು. ಎದೆಹಾಲಿನ ಹುಳಿ ವಾಸನೆ. ಗುರಮ್ಮ ಯಾಕೆ ಇಷ್ಟು ಬೇಗ ಬಂದಳು ಎಂದುಕೊಂಡ. ಹೊರಳಿದರೆ ಹಕ್ಕಿ ಹೋದೀತು, ಕಾಯಂ ಹೋದೀತು.

"ಒಯ್ಯಲೇನ್ರಿ?"

ಪಿಸುಮಾತು. ಕಿವಿಯ ಹತ್ತಿರವೇ. ನಿನ್ನೆಯ ಡಬ್ಬಿ ಕೇಳುತ್ತಾಳೆ, ಹೆಣ್ಣಿಗೆ ಹೊತ್ತು ಗೊತ್ತು ಇಲ್ಲ, ಎಂದು ಅವನಿಗೆ ಸಿಟ್ಟು ಬಂತು. ತುಟಿ ಮಗಿಯ ಮೇಲೆಯೇ ಇತ್ತು.

"ಹೂಂ."

ಮಗಿ ಅದನ್ನು ದೊಡ್ಡದು ಮಾಡಿ ಬಯಲ ತುಂಬ ಕಳಿಸಿತು.

"ಖರೇನ ಒಯ್ಯಲೇನ್ರಿ?"

"ಹೂಂ..."

ಬೆನ್ನ ಹಿಂದೆ ಬಳೆಯ ಸದ್ದು ದೂರವಾಯಿತು. ಎದುರಿಗೆ ಹಕ್ಕಿ ಒಂದೊಂದೇ ಹೆಜ್ಜೆ ಇಡುತ್ತ ತಾನಾಗಿ ಬಂದೂಕಿನ ಕಡೆ ನಡೆಯಿತು. ಢಂ ಎಂದಿತು. ರೆಕ್ಕೆ ಒಂದು ಸಲ ನೆಲಕ್ಕೆ ಬಡಿಯಿತು, ತೊಯ್ದ ಕಂಬಳಿ ಝಾಡಿಸಿದ ಹಾಗೆ. ಅಷ್ಟೇ.

ಫಾರಮಿನ ಮೇಜಿನ ಮೇಲೆ ಸಾಹೇಬ ಹೊಟ್ಟೆ ಕೊಯ್ದ. ಇನ್ನೂ ಬಿಸಿ ಇತ್ತು. ಚಿಮಟದಿಂದ ಒಂದೊಂದೇ ಎತ್ತಿದ. ಮಿಡತೆಯ ಕಾಲು. ಕರೀ ದುಂಬಿ. ಮತ್ತೆ ಮಿಡತೆ. ಜೋಳ ಒಂದೆರಡು ಕಾಳು.

"ರೈತನ ಕಡೆ ಕಣಯ್ಯ ಇದು, ಪಾಪ" ಎಂದು ನಕ್ಕ. "ಇದೇನಿದು? ಮಣೀನೂ ತಿನ್ನುತ್ತಾ?"

ತಾಟಿನಲ್ಲಿ ಕರಿದಾರ. ದಾರದಲ್ಲಿ ನೀಲಿ ಮಣಿ.

ಅಂಬಾರಾಯ ಅದನ್ನು ಕಸಿದುಕೊಂಡು ಓಡಿದ. ಎರೆಯಲ್ಲಿ ಬಿದ್ದ, ಎದ್ದ, ಓಡಿದ. ಬಾಗಿಲಲ್ಲಿ ನಿಂತಾಗ ಒಳಗಿಂದ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಪಟ ಪಟ ಪಟ. ಜೀವ ಬಂದ ಹಾಗಾಯಿತು.

"ನೀ ಹೊಲಕ್ಕ ಬಂದಿದ್ದಿ ಏನು?"

"ನಾ ಯಾಕ ಬರಲ್ರಿ? ಒಲಿ ಮುಂದಿಂದ ಎದ್ದಿಲ್ಲ." ಅವಳು ತಿರುಗಿಯೂ ನೋಡಲಿಲ್ಲ. "ನೀವ ಬಂದು ಹೋದ್ರೆಲ್ಲ, ನಸುಕಿನ್ಯಾಗ. ಕಾಲು ಸೈತ ತೊಳೀಲಿಲ್ಲ, ನೆಲ ನೋಡ್ರಿ."

ಸಾರಿಸಿದ ನೆಲದ ಮೇಲೆ ಹೊಸ್ತಿಲಿಂದ ತೊಟ್ಟಿಲ ತನಕ ಎರೆಮಣ್ಣಿನ ಹೆಂಟೆಗಳು ಬಿದ್ದಿದ್ದವು. ಹಸಿ.

"ನಾ... ಬಂದಿದ್ದೆ?"

"ಬೆನ್ನಿಗೆ ಸಪ್ಪಳಾತು. ಏನ್ರಿ, ಕೂಸಿನ್ನ ಎತಗೊಂಡ್ರೇನು, ಅಂತ ಕೇಳಿದೆ. ಹೂಂ ಅಂದ್ರಿ. ಎರಡು ಸಲ ಅಂದ್ರಿ." ಪಟ ಪಟ ಪಟ. "ಆಗಿಂದ ಚಂದ ಮಲಗ್ಯಾಳ. ಹಾಲಿಗೂ ಎದ್ದಿಲ್ಲ."

ಅವನು ತೊಟ್ಟಿಲ ಅರಿವೆ ಸರಿಸಿದ.

ಕೂಸು ತಣ್ಣಗಿತ್ತು. ಮೈಮೇಲೆ ಒಂದು ಗೀರಿಲ್ಲ. ಬಾಯಿ ತೆರೆದೇ ಇತ್ತು, ಶೀಶೆಯೊಳಗಿನ ಮರಿಯ ಹಾಗೆ. ಕಾಲಲ್ಲಿ ದಾರವಿರಲಿಲ್ಲ.

ಕೂಸಿಗೆ ಮಣ್ಣು ಕೊಟ್ಟು ಬಂದ ವಾರದಲ್ಲಿ ಸಾಹೇಬ ಕರೆದು ಹೇಳಿದ: ನೀನು ಕಾಯಂ. ಮಾತು ತಪ್ಪುವ ಮನುಷ್ಯ ಅಲ್ಲ ಅವನು. ಅಂಬಾರಾಯ ಮುಪ್ಪಾಗುವ ತನಕ ಅದೇ ಫಾರಮಿನಲ್ಲಿ ದುಡಿದ. ಮಗಿಯನ್ನು ಬಾವಿಗೆ ಒಗೆದ. ಹೌದು ಅನ್ನುವ ಜಾಗದಲ್ಲಿ ಕೈ ಎತ್ತುತ್ತಿದ್ದ, ಮೂಕನ ಹಾಗೆ.

ಹೊಲದಲ್ಲಿ ನಡೆದದ್ದನ್ನು ಒಂದು ರಾತ್ರಿ ಹೆಂಡತಿಗೆ ಹೇಳಿಬಿಟ್ಟ. ಹೇಳಬಾರದಿತ್ತು. ಗುರಮ್ಮ ಅಳಲಿಲ್ಲ, ಬಯ್ಯಲಿಲ್ಲ. ಮರುದಿನವೂ ಹೊಲಕ್ಕೆ ಬುತ್ತಿ ತಂದಳು. ಬೆನ್ನ ಹಿಂದೆ ನಿಂತಳು. ಅವನ ಊಟ ಮುಗಿಯುತ್ತ ಬಂದಾಗ ಮೆಲ್ಲಗೆ ಕೇಳಿದಳು.

"ಒಯ್ಯಲೇನ್ರಿ?"

ಕೇಳಿ ಕಾದಳು. ಅವನು ಸಾಯುವ ತನಕ, ದಿನವೂ, ಒಂದು ದಿನ ಬಿಡದೆ, ಅವಳು ಕೇಳಿದಳು. ಕಾದಳು.

ಯಾರಾದರೂ ಸುಳ್ಳೆನ್ನಲಿ. ಅಂಬಾರಾಯ ತೀರಿಕೊಂಡಾಗ ನಾನು ಇಲ್ಲಿಂದ ಹೋಗಿದ್ದೆ. ಗುರಮ್ಮ ಟ್ರಂಕಿನ ತಳದಿಂದ ಒಂದು ಚಿಂದಿ ಗಂಟು ತೆಗೆದು ನನ್ನ ಅಂಗೈಯಲ್ಲಿ ಬಿಚ್ಚಿದಳು. ಅದೇ ಕರಿದಾರ, ಅದೇ ನೀಲಿ ಮಣಿ. ಮೂರು ತಿಂಗಳ ಕೂಸಿನ ಕಾಲಿನಷ್ಟೇ ಸಣ್ಣ ಉಂಗುರ. ನನ್ನ ಎರಡು ಬೆರಳು ಸೇರಿದರೆ ಬಿಗಿ. ಹಿಮ್ಮಡಿ ದಾಟಿ ಬರಬೇಕಾದರೆ ಬಿಚ್ಚಬೇಕು, ಇಲ್ಲ ಹರಿಯಬೇಕು. ಕಿಟಕಿಯ ಬೆಳಕಿಗೆ ಹಿಡಿದು, ಸುತ್ತಲೂ ತಿರುವಿ ನೋಡಿದೆ. ಗುರಮ್ಮ ಹಾಕಿದ ಗಂಟು ಹಾಕಿದ ಹಾಗೆಯೇ ಇತ್ತು. ದಾರ ಎಲ್ಲಿಯೂ ಹರಿದಿರಲಿಲ್ಲ.

ತಡಿ, ತಡಿ... ಬಂತು. ಈಗ ಬಂತು ಆ ಹಕ್ಕಿಯ ಹೆಸರು. ನಮ್ಮ ಹಿರಿಯರು ಯಾಕೆ ಹಾಗೆ ಕರೆದರೋ, ಯಾರೂ ಕೇಳಿರಲಿಲ್ಲ. ಪುಟ್ಟಿ, ಪೆನ್ನು ತಗೋ. ಬಾಯಲ್ಲಿ ಅನ್ನಬೇಡ, ರಾತ್ರಿ ಇದೆ. ಬರಿಯ ಬರಕೋ, ನಾನು ಮತ್ತೆ ಮರೆತೇನು. ಎ... ರೆ... ಆಮೇಲೆ ಭೂ... ತ. ಎರೆಭೂತ.

ಬರೆದೆಯಾ?

ತಲೆ ಆಡಿಸು. ತಲೆ ಆಡಿಸಿದರೆ ಸಾಕು.