ನೇಸರಗಿಯಾಗ ಯಾರೂ ಕೆಮ್ಮಲಿಲ್ಲ

…ಅದನ್ನ ಬಿಚ್ಚಬ್ಯಾಡ್ರಿ, ಕಾಕೂ. ಚಾಕು ಕೆಳಗಿಡ್ರಿ. ಇಲ್ಲ, ನಿಮ್ಮ ಕೆಲಸ ನಿಲ್ಲಸ್ರಿ ಅನ್ನಾಕ ಹತ್ತಿಲ್ಲ. ಉಳ್ಳಾಗಡ್ಡಿ ಹೆಚ್ಚ್ರಿ, ಕೊಬ್ಬರಿ ಹುರೀರಿ. ಆ ಚೀಲದ ಸುತಳಿ ಮಾತ್ರ ಮುಟ್ಟಬ್ಯಾಡ್ರಿ.

ಯಾಕ ಅಂದ್ರ… ಮುಗ್ಗ ಹಿಡದೈತಿ. ಒಳಗಿನ ಖಾರಪುಡಿ ಮುಗ್ಗ ಹಿಡದೈತಿ. ಗಿರಣಿಯಾಗ ನಾವು ನೋಡೇವಿ… ಸಂದಿಯಿಂದ ಉದರಿದ್ದನ್ನ ಮೂಸಿ ನೋಡ್ತೀರಿ? ನೋಡ್ರಿ.

…ಹೌದು. ವಾಸನಿ ಚಲೋ ಐತಿ. ಬಣ್ಣಾನೂ ಚಲೋ ಐತಿ. ಬಣ್ಣ ಅಂತೂ… ಆತು ಬಿಡ್ರಿ. ಮುಗ್ಗ ಇಲ್ಲ. ಸುಳ್ಳ ಹೇಳಿದ್ನಿ.

ನಗಬ್ಯಾಡ್ರಿ. ‘ನಮ್ಮ ಮಡಿವಾಳೆಪ್ಪಗ ಸುಳ್ಳ ಹೇಳಾಕ ಬರೂದಿಲ್ಲ’ ಅಂತೀರಿ. ಬರತೈತ್ರಿ, ಕಾಕೂ. ಚಲೋ ಬರತೈತಿ.

ಖರೇ ಹೇಳ್ಲಿ? ಚೀಲ ಅದಲ್‌ಬದಲ್ ಆಗೈತಿ. ಇದು ಮತ್ತೊಬ್ಬರ ಮಾಲು. ನಿಮ್ಮದು ಬ್ಯಾರೆ ಐತಿ, ನಾಳಿ ಮುಂಜಾನೆ ನಾನ ಸೈಕಲ್ ಮ್ಯಾಲ ಹೇರಿಕೊಂಡ ಬರತೇನಿ… ಗೊತ್ತೈತ್ರಿ. ನಾಕಕ್ಕ ಚನ್ನವ್ವ, ರಾಯವ್ವ ಕುಟ್ಟಾಕ ಬರತಾರ, ವರ್ಷದ ಮಸಾಲಿ ಖಾರ ಇವತ್ತ ಆಗಬೇಕು. ಅದಕ್ಕ ಈ ಬಿಸಲಾಗ ಓಡಿ ಬಂದೇನಿ. ಒಮ್ಮೆ ಬಳ್ಳೊಳ್ಳಿ, ಎಣ್ಣಿ ಬೆರೀತು ಅಂದ್ರ ಮುಗೀತು. ಮುಂದಿನ ಬ್ಯಾಸಿಗಿ ತನಕ ನಿಮ್ಮ ಖಾನಾವಳಿಯ ನಲವತ್ತು ಮಂದಿ ಅದನ್ನ ಉಣಬೇಕು.

ಎಲ್ಲಿಗೆ ಎದ್ರಿ? …ಫೋನ್ ಬ್ಯಾಡ್ರಿ! ಗೌರೀಶ ಸಾವಕಾರ್ರನ್ನ ಏನ ಕೇಳತೀರಿ? ಇಡ್ರಿ ಅದನ್ನ. ಕಾಕೂ, ಕೈ ಮುಗಿತೇನಿ, ಇಡ್ರಿ. ನಾ ಇಲ್ಲಿ ಬಂದದ್ದು ಅವರಿಗೆ ಗೊತ್ತಿಲ್ಲ. ಊಟಕ್ಕ ಹೋಗತೇನಿ ಅಂತ ಹೇಳಿ ಗಿರಣಿಯಿಂದ ಬಂದೇನಿ.

…ಹೌದು, ಗೌರೀಶ ನಿಮ್ಮ ಕೈಯಾಗಿನ ರೊಟ್ಟಿ ತಿಂದು ಕಾಲೇಜ ಮುಗಿಸಿದಾಂವ. ನಾನೂ ಅದ ರೊಟ್ಟಿ ತಿಂದು ಬಿ.ಎಸ್ಸಿ ಮುಗಿಸಿದಾಂವ. ಅವರು ಗಿರಣಿ ಹಾಕಿದ್ರು, ನಾ ಅದರಾಗ ಸ್ಯಾಂಪಲ್ ತಗಿಯಾಕ ಸೇರಿದ್ನಿ. ಇಬ್ಬರೂ ನಿಮ್ಮವರ.

ಕುಂದರ್ರಿ. ಹೇಳತೇನಿ. ಮೊದಲಿಂದ ಒಂದೊಂದಾಗಿ ಹೇಳತೇನಿ, ನಡುವ ಕೇಳಬ್ಯಾಡ್ರಿ. ನಡುವ ಕೇಳಿದ್ರ ನನಗ ತಪ್ಪತೈತಿ.

ನಮ್ಮ ಖಾರ ಹಡಗ ಹತ್ತಿ ಪರದೇಶಕ್ಕ ಹೋಗತೈತಿ, ಅದು ನಿಮಗ ಗೊತ್ತು. ದಿಲ್ಲಿಯಾಗ ವಾಣಿಜ್ಯ ಇಲಾಖೆ ಅಂತ ಐತಿ. ಏನ ಹೊರಗ ಹೋಗಬೇಕು, ಏನ ಒಳಗ ಬರಬೇಕು, ಅದರ ಕಾಯಿದೆ ಅವರದು. ಎರಡು ವರ್ಷದ ಹಿಂದ, ಎರಡು ಸಾವಿರದ ಮೂರರಾಗ, ನಮ್ಮ ದೇಶದ ಖಾರದಾಗ ಒಂದು ಬಣ್ಣ ಐತಿ ಅಂತ ಪರದೇಶದವರು ಹಿಡದ್ರು. ಸುಡಾನ್ ಅಂತ ಅದರ ಹೆಸರು. ತಿನ್ನೂ ಬಣ್ಣ ಅಲ್ಲ. ಮೇಣಕ್ಕ, ಬೂಟಿನ ಪಾಲೀಶಕ್ಕ ಹಾಕೂದು. ಹಳೇ ಖಾರಕ್ಕ ಒಂದ ಚಿಟಿಕಿ ಹಾಕಿದ್ರ ಈಗ ಕುಟ್ಟಿದಂಗ ಕೆಂಪಗ ಕಾಣತೈತಿ. ಅವಾಗ ಇಲಾಖೆಯವರು ಕಾಯಿದೆ ಮಾಡಿದ್ರು. ಹಡಗ ಹತ್ತೂ ಖಾರ ಒಂದೂ ಬಿಡದಂಗ ಲ್ಯಾಬಿನ್ಯಾಗ ಪರೀಕ್ಷಾ ಆಗಬೇಕು. ಹೊಸಾ ಹೊಸಾ ಮಷೀನ ತರಿಸಿದ್ರು.

ನಾ ಒಮ್ಮೆ ನೋಡೇನ್ರಿ ಆ ಮಷೀನ. ಸ್ಯಾಂಪಲ್ ಮುಟ್ಟಸಾಕ ಹೋದಾಗ, ಗಾಜಿನ ಬಾಗಲದ ಈ ಕಡೆ ನಿಂತು. ಸಣ್ಣ ನಳಿಗಿಯಾಗ ಒಂದ ಹನಿ ಬಿಡತಾರ. ಆ ಕಡೆ ಕಾಗದದ ಮ್ಯಾಲ ಗೆರಿ ಗುಡ್ಡ ಗುಡ್ಡ ಆಗಿ ಏಳತೈತಿ. ಒಂದೊಂದು ಗುಡ್ಡ ಒಂದೊಂದು ಪದಾರ್ಥ. ಲಕ್ಷ ಪಾಲಿನ್ಯಾಗ ಒಂದ ಪಾಲಿದ್ರೂ ಹಿಡೀತೈತಿ. ಏನ ಚಂದ ಮಷೀನ ಅಂತೀರಿ… ಹೌದು, ಮದಿವಿ ಹೆಣ್ಣಿನ ಸುದ್ದಿ ಹೇಳಿದಂಗ ಹೇಳಾಕ ಹತ್ತೇನಿ. ನಗ್ರಿ.

ನಮ್ಮ ಮಾಲಿನ್ಯಾಗ ಬರಬಾರದ ಗುಡ್ಡ ಬಂತು. ಸವದತ್ತಿ ಎಲ್ಲಮ್ಮನ ಗುಡ್ಡದಷ್ಟ ಎತ್ತರ.

ನಾವು ಹಾಕಿದ್ದಲ್ಲ! ಮೆಣಸಿನಕಾಯಿ ಸಾಲಲಿಲ್ಲ, ಸಾವಕಾರ್ರು ಹೊರಗಿನ ಪುಡಿ ತರಿಸಿ ಕೂಡಿಸಿದ್ರು. ಅದರಾಗ ಬಂದಿತ್ತು. ಸ್ಯಾಂಪಲ್ ತಗದಾಂವ ನಾನ. ಪ್ರತಿ ಚೀಲದಾಗ ಮ್ಯಾಲ, ನಡುವ, ತಳಕ, ಮೂರು ಕಡೆ. ಕಣ್ಣಿಗೆ ಕಾಣಲಿಲ್ಲ, ಮೂಗಿಗೆ ಬರಲಿಲ್ಲ. ನೀವೂ ಈಗ ಮೂಸಿದ್ರೆಲ್ಲ?

ಹೌದು. ಈ ಚೀಲ ಆ ಮಾಲಿಂದು.

…ಯಾಕ ನಗತೀರಿ? ‘ಪರದೇಶದವರ ಹೊಟ್ಟಿ ಹೂವಿನಂಥಾದ್ದು, ನಮ್ಮದು ಬೀಸೂ ಕಲ್ಲು.’ ಅನ್ರಿ. ಆದ್ರ ಪುಸ್ತಕದಾಗ ಒಂದ ಹೊಟ್ಟಿ ಚಿತ್ರ ಐತ್ರಿ, ಕಾಕೂ. ಎರಡಿಲ್ಲ.

ಬಿಸಲಿಗೆ ಹಾಕಿದ್ರ ಹೋಗೂದಿಲ್ಲ. ಎಣ್ಣ್ಯಾಗ ಹುರದ್ರ? ಎಣ್ಣಿ ಅಂದ್ರ ಅದಕ್ಕ ತವರಮನಿ, ಇನ್ನಷ್ಟ ಅರಳತೈತಿ. ಏನೂ ಮಾಡಾಕ ಬರೂದಿಲ್ಲ.

ತಿಂದ್ರ ಏನಾಗತೈತಿ? ಒಂದ ದಿನಕ್ಕ ಏನೂ ಇಲ್ಲ. ತಿಂಗಳಾದ್ರೂ ತಿಳಿಯೂದಿಲ್ಲ. ವರ್ಷಗಟ್ಲೆ ಹೊಟ್ಯಾಗ ಹೋದ್ರ ಬರಬಹುದು ಅಂತಾರ. ಖಾತ್ರಿ ಇಲ್ಲ, ಬರಬಹುದು. …ಏನ ಬರಬಹುದು ಅಂದ್ರ… ಕಾಕಾರು ಹೋದ್ರೆಲ್ಲ, ಆ ಗಂಟಿನ ಬ್ಯಾನಿ.

ಕಾಕೂ. ನೀರ ಕುಡೀರಿ. ತಗೋರಿ.

ಅಂಜಬ್ಯಾಡ್ರಿ. ಇದೊಂದ ಚೀಲ ಉಳದಿತ್ತು ನೋಡ್ರಿ, ಹ್ಯಾಂಗೋ ತಪ್ಪಿ ಬಂದೈತಿ. ಬಾಕಿ ಎಲ್ಲಾ ಸುಟ್ಟೇವಿ. ಅರವತ್ತು ಚೀಲ. ನೇಸರಗಿ ರಸ್ತಾದಾಗ, ಗಿರಣಿ ಹಿಂದ ತಗ್ಗ ತೋಡಿ ಬೆಂಕಿ ಹಚ್ಚಿದ್ವಿ. ಫೋಟೋ ಐತಿ. ಕಾಗದ ಐತಿ. ‘ಕೆಟ್ಟ ಮಾಲನ್ನು ನನ್ನ ಸಮಕ್ಷಮ ಪೂರ್ತಿ ಸುಡಲಾಗಿದೆ’ ಅಂತ. ಕೆಳಗ ಸಹಿ, ಮಡಿವಾಳೆಪ್ಪ, ಬಿ.ಎಸ್ಸಿ. ಪರದೇಶದ ಗಿರಾಕಿಗೆ ಒಂದ ಪ್ರತಿ, ಇಲಾಖೆಗೆ ಒಂದ ಪ್ರತಿ. ಎಲ್ಲಾ ಪದ್ಧತಶೀರ.

ಏನಂದ್ರಿ? …ಹಗಲ ಹೊತ್ತಿನ್ಯಾಗ. ಹನ್ನೊಂದ ಗಂಟೆ ಇರಬೇಕು. …ಗಾಳಿ? ಇತ್ತು. ನೇಸರಗಿ ಊರ ಕಡೆ ಬೀಸಾಕ ಹತ್ತಿತ್ತು. ಗಾಳಿ ಸುದ್ದಿ ಯಾಕ ಬೇಕು ನಿಮಗ?

…

ಓ.

ಹೌದು. ನೀವು ಒಗ್ಗರಣಿಗೆ ನಾಕ ಮೆಣಸಿನಕಾಯಿ ಹಾಕಿದ್ರ ಎದುರಿಗಿನ ಬ್ಯಾಂಕಿನ ಮಂದಿ ಕೆಮ್ಮತಾರ. ಮ್ಯಾನೇಜರ ಬಂದು ಕಿಡಕಿ ಹಾಕ್ರಿ ಅಂತ ಜಗಳ ತಗೀತಾನ. ಅರವತ್ತು ಚೀಲ ಖಾರ ಸುಟ್ರ… ಅದರ ಘಾಟಿಗೆ ನೇಸರಗಿ ಊರಿಗೆ ಊರ ಎದ್ದ ಓಡಬೇಕಾಗಿತ್ತು. ಬಸ್ ನಿಂದರತಿದ್ದಿಲ್ಲ. ಸಾಲಿ ಬಿಡತಿದ್ರು.

ನೇಸರಗಿಯಾಗ ಯಾರೂ ಕೆಮ್ಮಲಿಲ್ರಿ, ಕಾಕೂ. ಒಂದ ಎಮ್ಮಿ ಸೈತ ಕೆಮ್ಮಲಿಲ್ಲ.

ಇಲಾಖೆಯವರಿಗೆ ಇದು ಹೊಳೀಲಿಲ್ಲ. ಪರದೇಶದವರಿಗೆ ಹೊಳೀಲಿಲ್ಲ. ಬಿ.ಎಸ್ಸಿ ಕಲತ ನನಗ, ಕಾಗದ ಬರದ ನನಗ, ಹೊಳೀಲಿಲ್ಲ. ನೀವು ಇಲ್ಲಿ ಒಲಿ ಮುಂದ ಕುಂತು…

ಸುಟ್ಟದ್ದು ಖಾಲಿ ಚೀಲ. ಮ್ಯಾಲ ಎರಡು ಹಳೇ ಟಾಯರು. ಫೋಟೋದಾಗ ಹೊಗಿ ಕಾಣಬೇಕಲ್ಲ.

ಮಾಲು ಎಲ್ಲಿ ಹೋತು ಅಂದ್ರ, ಸಣ್ಣ ಅಂಗಡಿಗೆ. ಸವದತ್ತಿಗೆ, ರಾಮದುರ್ಗಕ್ಕ, ಕಿತ್ತೂರಿಗೆ. ನಿಮಗ ಎರಡು ಚೀಲ. …ಇಲ್ಲ, ನಿಮ್ಮ ಮ್ಯಾಲ ಸಿಟ್ಟಿಲ್ಲ ಅವರಿಗೆ. ನಿಮಗಂತ ಮಾಡಿದ್ದಲ್ಲ ಅದು. ಯಾದಿಯಾಗ ನಿಮ್ಮ ಹೆಸರ ಇಲ್ಲ. ‘ಸ್ಥಳೀಯ’ ಅಂತ ಒಂದ ಶಬ್ದ ಐತಿ, ಅಷ್ಟ. ಅರ್ಧ ರೇಟಿಗೆ ಕಳಿಸಿದಾಗ ನೀವು ಊರಿಗೆಲ್ಲಾ ಹೇಳಿದ್ರಿ, ‘ಗೌರೀಶ ನನ್ನ ಮರತಿಲ್ಲ’ ಅಂತ. ನಾನೂ ಇಲ್ಲೇ ಕುಂತಿದ್ನಿ ಅವತ್ತ. ತಲಿ ಅಲ್ಲಾಡಿಸಿದ್ನಿ.

ಯಾರಿಗೆ ಹೇಳ್ಲಿ, ನೀವ ಹೇಳ್ರಿ? ಇಲಾಖೆ ಕಾಯಿದೆ ಹಡಗ ಹತ್ತೂ ಮಾಲಿಗೆ. ಹತ್ತಲಾರದ್ದು ಅವರದಲ್ಲ. ಊರಾಗ ಮಾರೂದು ಮತ್ತೊಂದು ಇಲಾಖೆದು. ಅಲ್ಲಿ ಹೋಗಿ ಹೇಳಿದ್ರ ಅವರು ಮೊದಲ ಕೇಳೂದು, ಸುಟ್ಟ ಕಾಗದಕ್ಕ ಸಹಿ ಯಾರದು? ದಿಲ್ಲಿಯವರಿಗೆ ಹೇಳಿದ್ರೂ ಅದನ್ನ ಕೇಳತಾರ. ಎರಡೂ ಇಲಾಖೆ ಸಂದಿಯಾಗ ಸಿಕ್ಕೇನಿ. ಮುಂದ ಹೋದ್ರ ನನ್ನ ಸಹಿ, ಹಿಂದ ಬಂದ್ರ ನನ್ನ ಸಹಿ.

ಯಾಕ ಮಾಡಿದಿ ಅಂದ್ರ… ಲ್ಯಾಬಿನ್ಯಾಗ ಹುಡುಗರನ್ನ ತಗೊಳ್ಳಾಕ ಹತ್ಯಾರ. ಆ ಮಷೀನ ಮುಂದ ಕುಂದರೂ ಕೆಲಸ. ಗಾಜಿನ ಬಾಗಲದ ಆ ಕಡೆ. ಎರಡು ವರ್ಷದ ಅನುಭವ ಪತ್ರ ಬೇಕು. ಅದಕ್ಕ ಸಾವಕಾರ್ರ ಸಹಿ ಬೇಕು. ಅವರು ನಕ್ಕೋತ ಅಂದ್ರು, ‘ನನ್ನ ಕಾಗದಕ್ಕ ನೀ ಮಾಡು, ನಿನ್ನ ಕಾಗದಕ್ಕ ನಾ ಮಾಡತೇನಿ.’ ನಾ ಮಾಡಿದ್ನಿ. ಅವರು ಮಾಡಿಲ್ಲ ಇನ್ನ. ಸೋಮವಾರ ಬಾ ಅಂತಾರ. ಹೋಗತೇನಿ. ಮುಂದಿನ ಸೋಮವಾರ ಅಂತಾರ. ಗಿರಣಿ ಬಿಟ್ರ ಪತ್ರ ಸಿಗೂದಿಲ್ಲ. ಇದ್ರ ದಿನಾ ಆ ಚೀಲ ಹೇರೂದನ್ನ ನೋಡಬೇಕು. ಹಿಂಗ ಎಂಟು ಸೋಮವಾರ ಹೋದ್ವು, ಕಾಕೂ…

ಏನು? …ಎಂಟ ಅಂದ್ನಿ?

ಅಂದ್ನಿ. ಎರಡು ತಿಂಗಳಾತು. ರಿಪೋರ್ಟ ಬಂದದ್ದು ಫೆಬ್ರುವರಿ ಹನ್ನೊಂದಕ್ಕ. ನಿಮಗ ಎರಡೂ ಚೀಲ ಬಂದದ್ದು ಹದಿನಾಕಕ್ಕ. ಒಂದ ಖಾಲಿ ಆಗೈತಿ, ಗೊತ್ತೈತಿ ನನಗ.

ಕಾಕೂ?

ಬೈರಿ. ನನಗ ಬೈರಿ. ಸಂಗೊಳ್ಳಿಯಿಂದ ನಮ್ಮ ಅವ್ವನ್ನ ಕರೆಸಿ ಅಕಿ ಮುಂದ ಬೈರಿ. ಹಿಂಗ ಸುಮ್ಮನ ಕುಂದರಬ್ಯಾಡ್ರಿ. ಐದು ವರ್ಷ ನಿಮ್ಮ ಕಡೆ ಉಂಡೇನಿ, ನೀವು ಸುಮ್ಮನ ಕುಂತದ್ದು ನಾ ನೋಡಿಲ್ಲ. ಮಾತಾಡೂದೆಲ್ಲಾ ನೀವು, ಹೂಂ ಅನ್ನೂದು ನಾನು. ಇವತ್ತ ಯಾಕ ಹಿಂಗ?

ಎಲ್ಲಿ ನೋಡಾಕ ಹತ್ತೀರಿ? ಗ್ವಾಡಿ ಮಾಡದಾಗ ಏನೈತಿ?

…ಆ ಸಣ್ಣ ಬೋಗಾಣಿ. ಅದು ನಂದು. ನನಗ ಬ್ಯಾರೆ ಅಡಗಿ ಮಾಡೂದು.

ಕಾಮಣಿ ಆಗಿತ್ರಿ ನನಗ. ಆಗಿತ್ತು! ಕಣ್ಣ ಹಳದಿ ಆಗಿದ್ವು. ಖಾರ ಮುಟ್ಟಬಾರದು ಅಂತ ಡಾಕ್ಟರ ಹೇಳಿದ್ರು. ನೀವ ಅಲ್ಲೇನ್ರಿ ದಿನಾ ನುಚ್ಚು ಮಜ್ಜಿಗಿ ಮಾಡಿ ಹಾಕಿದಾಕಿ? ನಲವತ್ತು ಮಂದಿದು ಮುಗಿಸಿ, ಮತ್ತ ಒಲಿ ಹಚ್ಚಿ, ಸಪ್ಪನ ಬ್ಯಾಳಿ ಕುದಿಸಿ, ಉಪ್ಪು ನೋಡು ಅಂತ ಅಂಗೈಯಾಗ ಹಾಕಿದಾಕಿ? ಸಿರಸಂಗಿಯಾಗ ಕಾಮಣಿಗೆ ಔಷಧ ಕೊಡತಾರಂತ ಕೇಳಿ, ತುಂಬಿದ ಬಸ್ಸಿನ್ಯಾಗ ನಿಂತು ಹೋಗಿ ತಂದ್ರಿ. ಮೂರು ಮುಂಜಾನೆ, ಖಾಲಿ ಹೊಟ್ಟಿಲೆ. ಕಹಿ ಇತ್ತು. ಕುಡದ್ನಿ. ನಿಮ್ಮ ಎದುರಿಗೆ ನಿಂತು ಕುಡದ್ನಿ, ಮೂರೂ ದಿನ…

ಯಾವ ಡಾಕ್ಟರ ಅಂತ ಕೇಳ್ರಿ.

ಕೇಳೂದಿಲ್ಲ. ಯಾವಾಗಿನಿಂದ ಕಾಮಣಿ ಅಂತಾನೂ ಕೇಳೂದಿಲ್ಲ ನೀವು.

…ಫೆಬ್ರುವರಿ ಹದಿನಾಕು.

ಹೇಳಬೇಕಂತಿದ್ನಿ. ದಿನಾ ಅನಕೊಂತಿದ್ನಿ. ನಲವತ್ತು ಮಂದಿ ಪಂಕ್ತಿಯಾಗ ಕುಂದರತಿದ್ನಿ, ಆ ಕಡೆ ಕೆಂಪನ ಪಲ್ಯ, ಈ ಕಡೆ ಮಡಿವಾಳೆಪ್ಪಂದು ಬಿಳೆ ನುಚ್ಚು. ಮಂದಿ ಅಂತಿದ್ರು, ‘ಪಾಪ, ಬ್ಯಾನಿ ಹುಡುಗ’ ಅಂತ.

ಯಾರೋ ಬಂದ್ರು. ಚನ್ನವ್ವ ಅಲ್ಲ… ಡ್ರೈವರ ಹಜರತಸಾಬ. ರಾಮದುರ್ಗದ ಬಸ್ ತಡಾ ಬಂದಂಗ ಕಾಣತೈತಿ, ಅವರ ಊಟ ಇನ್ನೂ ಆಗಿಲ್ಲ. ಕೈ ತೊಳಿಯಾಕ ಹತ್ಯಾರ. ಕಾಕೂ, ಒಲಿ ಮ್ಯಾಲ ಮಧ್ಯಾಹ್ನದ ಬದನಿಕಾಯಿ ಪಲ್ಯ ಐತಿ, ಆ ಖಾರದ್ದ. ಊಟ ತೀರೇತಿ ಅಂತ ಹೇಳ್ರಿ. ಇವತ್ತೊಂದ ದಿನ ಹೇಳ್ರಿ, ನಾಳಿ ನೋಡೂಣು. ಏಳ್ರಿ. ನೀವು ಹೇಳಿದ್ರ ಅವರು ಕೇಳತಾರ.

ಹಾಂ, ಎದ್ರಿ. ಹೋಗ್ರಿ, ಹೇಳ್ರಿ…

ಏನಿದು? ಸೌಟು ನನಗ ಯಾಕ ಕೊಡತೀರಿ? ನಾ ಯಾಕ ಬಡಸ್ಲಿ? ಕಾಕೂ, ಹಿಂಗ ಹಿತ್ತಲ ಬಾಗಲಕ್ಕ ಅಡ್ಡ ನಿಂದರಬ್ಯಾಡ್ರಿ. ದಾರಿ ಬಿಡ್ರಿ. ನಾ ಗಿರಣಿಗೆ ಹೋಗಬೇಕು. ಕಾಕೂ, ಒಂದ ಮಾತ ಆಡ್ರಿ… ಒಂದ…

…

ಬರ್ರಿ, ಹಜರತಸಾಬ. ಹೌದ್ರಿ, ನಾನ. ಇವತ್ತ ನಾನ ಅದೇನಿ ಬಡಸಾಕ.

ಕುಂದರ್ರಿ. …ಇಲ್ರಿ, ಗಂಗಾಳ ಮುಂದ ಸರಸಬ್ಯಾಡ್ರಿ ಇನ್ನ. ಮೊದಲ ಒಂದ ಮಾತ ಹೇಳೂದೈತಿ.