ನೇರಳೆ ಗೋಡೆ, ಹಸಿರು ಗೋಡೆ

...ಅಲ್ಲಿ ಬೇಡ ಕಣೋ ಮುದೋಮಾ, ಆ ಕುರ್ಚಿ ಕಾಲು ಸಡಿಲ ಆಗಿದೆ. ಈ ಕಡೆ ಬಾ, ಜಗಲಿ ಮೇಲೆ ನೆರಳಿದೆ. ಕೂತ್ಕೋ. ನಮ್ಮನೆಯವಳು ನಂಬೋಜೊ ಪೇಟೆಗೆ ಹೋಗಿದ್ದಾಳೆ, ಇಲ್ದಿದ್ರೆ ನಿನ್ನ ನೋಡಿದ ಕೂಡ್ಲೇ ಒಲೆ ಹತ್ತಿಸ್ತಿದ್ಲು. ಕಳಲೆ ಸಾರಿದೆ, ಕಡಲೆಕಾಯಿ ಅರೆದು ಹಾಕಿದ್ದು. ತಿಂತೀಯಾ? ...ಬೇಡ. ಸರಿ, ಟೀ ಆದ್ರೂ ತಗೋ. ಶುಂಠಿ ಜಾಸ್ತಿ ಹಾಕಿದ್ದೀನಿ. ಲೋಟ ಮುಕ್ಕಾಲೇ ತುಂಬಿದ್ದೀನಿ, ಬೇಕಾದ್ರೆ ಮತ್ತೆ ಹಾಕ್ತೀನಿ.

ಎಲ್ಲಿ, ಆ ಮೆಸೇಜು ಇನ್ನೊಂದ್ಸಲ ತೋರಿಸು. ಕನ್ನಡಕ ಒಳಗಿದೆ... ಇರ್ಲಿ, ದೂರ ಹಿಡಿದ್ರೆ ಕಾಣುತ್ತೆ. "ಮಾನ್ಯ ಪಾಲುದಾರರೇ." ಪಾಲುದಾರ ಅಂತೆ. ಹದಿನಾರು ವರ್ಷ ಬಿಸಿಲಲ್ಲಿ ಏಣಿ ಮೇಲೆ ನಿಂತೋನು ಪಾಲುದಾರ, ಪಾಲೆಲ್ಲಿ ಅಂತ ಮಾತ್ರ ಕೇಳ್ಬಾರ್ದು. "ಎರಡೂ ಕಂಪನಿಗಳು ಒಂದಾಗಿರುವ ಈ ಸಂತಸದ ಸಂದರ್ಭದಲ್ಲಿ, ನಿಮ್ಮ ಗೋಡೆ ಬರಹದ ಗುತ್ತಿಗೆ ಈ ತಿಂಗಳಾಂತ್ಯಕ್ಕೆ ಮುಗಿಯುತ್ತದೆ. ನಿಮ್ಮ ಆರೋಗ್ಯಕ್ಕೆ ಶುಭ ಹಾರೈಸುತ್ತೇವೆ." ಆಮೇಲೆ ಕೆಳಗೆ... ಇದೇನಿದು, "ಹೊಸ ಡೇಟಾ ಪ್ಯಾಕಿಗಾಗಿ ಒಂದನ್ನು ಒತ್ತಿ." ನಗಬೇಡ ಮಾರಾಯ. ...ನಗ್ಲಿಲ್ವಾ? ನಕ್ಕೆ ಅಂದ್ಕೊಂಡೆ.

ನನ್ನದಾ? ನನ್ನದೂ ಹೋದಂಗೇ ಅಂತ ಇಟ್ಕೋ. ಇವತ್ತಲ್ಲ ನಾಳೆ. ಇನ್ನೂ ಗೋಡೆ ಮೇಲೆ ಯಾರು ಬರೆಸ್ತಾರೆ ಹೇಳು. ನಮ್ಮ ಕಾಲ ಬೇರೆ.

ನೆನಪಿದೆಯಾ, ಮೊದಲನೇ ವರ್ಷ? ನನಗೆ ನೇರಳೆ ಫೋನ್ ಕಂಪನಿಯವರು ನಲವತ್ತು ಡಬ್ಬ ಬಣ್ಣ ಕೊಟ್ಟು, ಎಂಬಾಲೆ ಊರೆಲ್ಲ ನೇರಳೆ ಆಗ್ಬೇಕು ಅಂದ್ರು. ಮಾರನೇ ವಾರ ನಿನಗೆ ಹಸಿರು ಕಂಪನಿಯವರು ಐವತ್ತು ಡಬ್ಬ. ಆಗ ಒಂದು ನಿಮಿಷ ಮಾತಾಡ್ಬೇಕಾದ್ರೆ ಒಂದು ಗೊನೆ ಬಾಳೆಕಾಯಿ ಮಾರ್ಬೇಕಾಗಿತ್ತು. ಎಲ್ಲರೂ ಮಿಸ್ಡ್ ಕಾಲ್ ಕೊಟ್ಟೇ ಸಂಸಾರ ಮಾಡಿದ್ರು. ಒಂದು ರಿಂಗು ಅಂದ್ರೆ ಬಸ್ ಹತ್ತಿದೆ, ಎರಡು ಅಂದ್ರೆ ಬಸ್ ಕೆಟ್ಟಿದೆ. ಕಂಪನಿಗೆ ಒಂದು ಶಿಲ್ಲಿಂಗೂ ಇಲ್ಲ.

ಜನಕ್ಕೆ ಕಂಪನಿ ಯಾವುದಾದ್ರೇನು, ಮನೆಗೆ ಪುಕ್ಕಟೆ ಬಣ್ಣ ಸಿಕ್ರೆ ಸಾಕು. ಮುಗಿಡೆ ಅಜ್ಜಿ ರಸ್ತೆ ಕಡೆ ಗೋಡೆಗೆ ನನ್ನ ಕೈಲಿ ನೇರಳೆ ಹೊಡೆಸ್ಕೊಂಡು, ಮಾರುಕಟ್ಟೆ ಕಡೆ ಗೋಡೆಗೆ ನಿನ್ನ ಕರೆದ್ಲು. ಹಿಂದಿನ ಗೋಡೆ ಬಾಕಿ ಇದೆ, ಮೂರನೇ ಕಂಪನಿ ಯಾವಾಗ ಬರುತ್ತೆ ಅಂತ ಕೇಳಿದ್ಲು. ಮುದುಕಿಗೆ ಫೋನೇ ಇರ್ಲಿಲ್ಲ. ಆ ಪಾದ್ರಿ, ದೇವರಿಗೆ ಯಾವ ಕಂಪನೀನೂ ಇಲ್ಲ ಅಂತ ಒಂದು ಗಂಟೆ ಉಪದೇಶ ಮಾಡಿ, ಕೊನೆಗೆ ಕಕ್ಕಸಿನ ಬಾಗಿಲಿಗಾದ್ರೂ ಹೊಡೀರಪ್ಪ ಅಂದ.

ನಾವು ಮಾತ್ರ ಅದನ್ನ ನಿಜ ಅಂತ ನಂಬಿದ್ವಿ. ಸಿರೊಂಕೊ ರಸ್ತೇಲಿ ನೀನು ಬರೆದ ಗೋಡೆ ಮೇಲೆ ನಾನು ಬೆಳಗಾಗೋದ್ರೊಳಗೆ ನೇರಳೆ ಬಳಿದಿದ್ದೆ. ಎರಡು ತಿಂಗಳು ನೀನು ನನ್ನ ಜೊತೆ ಮಾತಾಡ್ಲಿಲ್ಲ. ನಾನು ನೇರಳೆ ಅಂಗಿ, ನೀನು ಹಸಿರು ಟೋಪಿ. ನಿನ್ನ ಹೆಂಡತಿ ಖೈಂಜಾ ನನ್ನ ಹೆಂಡತಿಗೆ ಹಸಿರು ನಂಬರಿಂದ ಫೋನ್ ಮಾಡಿದ್ರೆ, ಬೇರೆ ಕಂಪನಿಗೆ ದುಬಾರಿ ಅಂತ ಇಬ್ಬರೂ ಬೇಲಿ ಹತ್ರ ಬಂದು ಮಾತಾಡ್ಕೋತಿದ್ರು.

ಆಮೇಲೆ ಎಲ್ಲರ ಫೋನಲ್ಲೂ ಎರಡೆರಡು ಸಿಮ್ಮು ಬಂತಲ್ಲ. ಬೆಳಿಗ್ಗೆ ಯಾರದು ಅಗ್ಗವೋ ಅದು, ಸಂಜೆ ಯಾರದು ಅಗ್ಗವೋ ಅದು. ಗೋಡೆ ನೇರಳೆ, ಜೇಬಲ್ಲಿ ಎರಡೂ. ಕಂಪನಿಯವರು ಒಬ್ಬರಿಗಿಂತ ಒಬ್ಬರು ದರ ಇಳಿಸಿ ಇಳಿಸಿ, ಕೊನೆಗೆ ಮಾತು ಅನ್ನೋದು ಗಾಳಿಗಿಂತ ಅಗ್ಗ ಆಯ್ತು. ಅಷ್ಟೊತ್ತಿಗೆ ಜನ ಮಾತೇ ನಿಲ್ಲಿಸಿದ್ರು. ಎಲ್ಲ ಇಂಟರ್ನೆಟ್ಟಲ್ಲೇ. ನನ್ನ ದೊಡ್ಡ ಮಗಳು ದುಬೈಯಿಂದ ಮುಖ ತೋರಿಸ್ಕೊಂಡು ಒಂದು ಗಂಟೆ ಮಾತಾಡ್ತಾಳೆ, ಕಂಪನಿಗೆ ಸಿಗೋದು ಚಿಲ್ಲರೆ. ಅದಕ್ಕೂ ಆಕೆ ದಾರಿ ಕಂಡ್ಕೊಂಡಿದ್ದಾಳೆ, ಪಕ್ಕದ ಮನೆಯ ವೈಫೈ.

ಕುಡಿ, ಆರಿ ಹೋಗುತ್ತೆ.

ಒಂದು ವಿಷಯ ಹೇಳ್ಲಾ? ವನಾಲೆ ಬೆಟ್ಟದ ಮೇಲಿನ ಟವರಿಗೆ ನಂಬರು ಬರೆಯೋಕೆ ಅಂತ ಒಂದ್ಸಲ ನನ್ನ ಕಳಿಸಿದ್ರು. ಹತ್ತಿ ನೋಡ್ತೀನಿ, ನಮ್ಮವರ ಸಿಗ್ನಲ್ ಡಬ್ಬ, ಅದರ ಕೆಳಗೆ ನಿಮ್ಮವರದು. ಒಂದೇ ಕಂಬ. ಒಂದೇ ಜನರೇಟರು, ಒಂದೇ ಡೀಸಲು, ಕಾಯೋಕೆ ಒಬ್ಬನೇ ಮುದುಕ. ಅವನನ್ನ ಕೇಳಿದೆ, ನೀನು ಯಾರ ಕಡೆಯೋನು ಅಂತ. ಯಾರ ಕಡೆನೂ ಅಲ್ಲ, ಇಬ್ಬರೂ ಟವರ್ ಮಾರ್ಕೊಂಡು ಐದು ವರ್ಷ ಆಯ್ತು, ಈಗ ಬಾಡಿಗೆಗಿದ್ದಾರೆ ಅಂದ. ನಾವು ಕೆಳಗೆ ಗೋಡೆಗೋಸ್ಕರ ಕಿತ್ತಾಡ್ತಿದ್ದಾಗ ಮೇಲೆ ಇವರಿಬ್ಬರೂ ಒಂದೇ ಮನೇಲಿ ಬಾಡಿಗೆಗಿದ್ರು ಕಣೋ. ನಿನಗೆ ಹೇಳ್ಲಿಲ್ಲ ಅವತ್ತು. ನಾಚಿಕೆ ಆಯ್ತು.

ಈಗ ಒಂದಾಗಿದ್ದಾರೆ. ನೇರಳೆನೂ ಇಲ್ಲ, ಹಸಿರೂ ಇಲ್ಲ. ಆಕಾಶ ನೀಲಿ ಅಂತೆ. ಮೇಲೊಂದು ಬಿಳಿ ಅಲೆ.

...ಹೌದು, ನೋಡಿದ್ದೀನಿ. ಅಲ್ಲ, ಪೇಪರಲ್ಲಿ ಅಲ್ಲ. ಕಂಪಾಲಾದಿಂದ ಒಬ್ಬರು ಬಂದಿದ್ರಲ್ಲ, ಕೆಮಿಗಿಶಾ ಅಂತ. ಚಿಕ್ಕ ವಯಸ್ಸು, ಒಳ್ಳೆ ಹುಡುಗಿ. ಹೋಟೆಲಲ್ಲಿ ಊಟಕ್ಕೆ ಕರೆದಿದ್ರು. ನಿನಗೆ ಕರೆ ಬಂದಿರ್ಲಿಲ್ವಾ? ...ಬಂದಿರ್ಲಿಲ್ಲ. ಏನೋ ಮರೆತಿರ್ಬೇಕು. ನನಗೂ ಹೇಳೋಕೆ ಮರೆತು ಹೋಯ್ತು. ಕೋಳಿ ಇತ್ತು, ಬಾಳೆಕಾಯಿ ಬೇಯಿಸಿದ ಮಟೋಕೆ ಇತ್ತು. ಗೋಡೆ ಮೇಲೆ ಚಿತ್ರ ಬಿಟ್ಟು ತೋರಿಸಿದ್ರು. ಮಿಸ್ಟರ್ ವೆರಿಖೆ, ಈಗ ಗೋಡೆ ಯಾರು ನೋಡ್ತಾರೆ, ಬಾಡಿಗೆ ಬೋಡಾ ಬೈಕಿನ ಹಿಂದೆ ಕೂತೋರೂ ಫೋನೇ ನೋಡ್ತಿರ್ತಾರೆ ಅಂದ್ರು. ಮಾತಿಂದ ಬರೋ ದುಡ್ಡು ಇಷ್ಟು ಇಳಿದಿದೆ, ಡೇಟಾ ಇಷ್ಟು ಏರಿದೆ, ಮುಂದೆ ನಾವು ಫೋನ್ ಕಂಪನಿಯೇ ಅಲ್ಲ, ಬ್ಯಾಂಕು, ಅಂಗಡಿ, ಶಾಲೆ ಎಲ್ಲ ನಾವೇ ಅಂದ್ರು. ನಾನು ತಲೆ ಆಡಿಸಿದೆ. ಅರ್ಥ ಆಗದ್ದಕ್ಕೆಲ್ಲ ನಾನು ಆಡಿಸ್ತೀನಿ, ನಿನಗೆ ಗೊತ್ತಲ್ಲ.

ಆದ್ರೆ ಬಣ್ಣ ಬದಲಾಯ್ಸೋದು ಮಾತ್ರ ಗೋಡೆ ಮೇಲೇ ಆಗ್ಬೇಕಲ್ಲ. ಹಳೇ ನೇರಳೆ, ಹಳೇ ಹಸಿರು ಎಲ್ಲ ಅಳಿಸ್ಬೇಕು. ಒಂದು ವರ್ಷದ ಕೆಲಸ. ಎಂಬಾಲೆ, ಕುಮಿ, ಸೊರೋಟಿ, ಪೂರ್ವದ ಕಡೆ ಎಲ್ಲ ಸೇರಿ ಒಬ್ಬ ಪೇಂಟರ್ ಸಾಕು, ಇಬ್ಬರು ಬೇಡ ಅಂದ್ರು.

ಒಬ್ಬ ಅಂದ್ರೆ... ಹೌದು. ಸೋಮವಾರದಿಂದ.

ಹಾಗೆ ನೋಡಬೇಡ. ಒಂದು ವರ್ಷ, ಅಷ್ಟೇ. ಆಮೇಲೆ ನಾನೂ ನಿನ್ನ ಹಾಗೇ. ಹೇಳೋಣ ಅಂತಲೇ ಇದ್ದೆ, ನೀನು ಬಂದ ಕೂಡ್ಲೇ ಹೇಳೋಣ ಅಂತ ಇದ್ದೆ, ಆ ಮೆಸೇಜು ಓದಿದ ಮೇಲೆ... ಹೇಗೆ ಹೇಳ್ಲಿ. ಚಿಕ್ಕವಳು ನರ್ಸಿಂಗ್ ಮುಗಿಸೋಕೆ ಇನ್ನೂ ಒಂದು ವರ್ಷ ಇದೆ. ನಿನ್ನ ಮಕ್ಕಳೆಲ್ಲ ನೆಲೆ ನಿಂತಿದ್ದಾರೆ. ನಿನಗೆ ಕಾಫಿ ತೋಟದ ತುಂಡಿದೆ. ನನಗೇನಿದೆ, ಏಣಿ.

ಬೇಕಾದ್ರೆ ನೀನೂ ಬಾ. ನಿಜ ಹೇಳ್ತೀನಿ. ಏಣಿ ಹಿಡ್ಕೊಳ್ಳೋಕೆ ಒಬ್ಬರು ಬೇಕೇ ಬೇಕು. ಬಂದದ್ದರಲ್ಲಿ... ಇಲ್ಲ. ಸರಿ. ನೀನು ಏಣಿ ಹಿಡ್ಕೊಂಡು ನಿಲ್ಲೋದು, ನಾನು ಮೇಲೆ ನಿಂತು ನಿನ್ನ ಅಕ್ಷರ ಅಳಿಸೋದು. ತಪ್ಪು ಮಾತು. ಬಿಟ್ಬಿಡು.

ಏನಾದ್ರೂ ಅನ್ನೋ. ನೀನು ಹೀಗೆ ಕೂತ್ರೆ ನನಗೆ ನಮ್ಮ ಇಂಬಾಲು, ಆ ಸುನ್ನತಿ ದಿನ ನೆನಪಾಗುತ್ತೆ. ಎಂಬತ್ತೆಂಟನೇ ಇಸವಿ. ಚೂರಿ ಹಿಡಿದೋನ ಮುಂದೆ ಊರೆಲ್ಲ ನೋಡ್ತಿರೋವಾಗ ನಿಂತ್ವಲ್ಲ, ಮೈಗೆಲ್ಲ ರಾಗಿ ಹಿಟ್ಟು ಬಳ್ಕೊಂಡು. ನೀನು ಮರದ ಹಾಗೆ ನಿಂತೆ. ನನ್ನ ಸರದೀಲಿ ಎಡಗಣ್ಣು ಒಂದ್ಸಲ ಮಿಟುಕ್ತು. ಒಂದೇ ಸಲ. ನನ್ನ ಚಿಕ್ಕಪ್ಪ ಹೆದರಿದ ಹೆದರಿದ ಅಂತ ಶುರು ಮಾಡಿದ. ಹೆದರಿದ ಅಂತ ಒಂದ್ಸಲ ಹೆಸರು ಬಿದ್ದಿದ್ರೆ ಯಾವ ಮನೆಯೋರು ನನಗೆ ಹೆಣ್ಣು ಕೊಡ್ತಿದ್ರು? ನೀನು ನೋವಲ್ಲಿ ನಿಂತಿದ್ದೋನು, ಬಟ್ಟೇಲಿ ರಕ್ತ ಇಳೀತಿತ್ತು, ಹಿರಿಯರ ಮುಂದೆ ಹೇಳ್ದೆ, ಅವನ ಕಣ್ಣ ಮೇಲೆ ನೊಣ ಕೂತಿತ್ತು, ನಾನು ನೋಡ್ದೆ ಅಂತ. ಯಾವ ನೊಣಾನೂ ಇರ್ಲಿಲ್ಲ.

ಇದೆಲ್ಲ ಈಗ ಯಾಕೆ ಹೇಳ್ತಿದ್ದೀನೋ.

ಅವರಿಗೂ ಅವರದೇ ಕಷ್ಟ ಇರುತ್ತೆ, ಮುದೋಮಾ. ದೊಡ್ಡ ಕಂಪನಿ. ಅಲ್ಲಿ ಕೂತೋರು ಏನೋ ಲೆಕ್ಕ ಹಾಕಿರ್ತಾರೆ. ವಯಸ್ಸು, ಅನುಭವ, ಮತ್ತೆ... ಆರೋಗ್ಯ. ಯಾರೋ ಏನೋ ಹೇಳಿರ್ಬಹುದು. ಊರಲ್ಲಿ ಬಾಯಿಗಳಿಗೇನು ಕಮ್ಮಿ. ಆ ಬಣ್ಣದಂಗಡಿ ಮಗೋಂಬೆ ಇದ್ದಾನಲ್ಲ, ಅವನಿಗೆ ನಿನ್ನ ಕಂಡ್ರೆ ಆಗಲ್ಲ. ಅವನೇ ಇರ್ಬೇಕು. ನಿನ್ನ ಕೈ ನಡುಗೋದು ನೋಡಿರ್ತಾನೆ, ಚಿಲ್ಲರೆ ಎಣಿಸೋವಾಗ.

...ಅವನಲ್ಲ ಅಂತೀಯಾ? ಹೌದು, ಪಾಪ, ಅವನಿರಲಿಕ್ಕಿಲ್ಲ. ಅವನು ಹೇಳಿದ್ರೂ ಕಂಪಾಲಾದೋರು ಕೇಳ್ತಾರಾ.

ಒಂದು ಮಾತು ಹೇಳ್ಲಾ, ಬಂದಾಗಿಂದ ನೋಡ್ತಿದ್ದೀನಿ. ಟೀ ಮುಟ್ಟಿಲ್ಲ. ಬೈದಿಲ್ಲ. ಯಾವ ಕೆಲಸ, ಎಷ್ಟು ದಿನ, ಯಾರಿಗೆ ಸಿಕ್ತು, ಏನೂ ಕೇಳ್ಲಿಲ್ಲ, ಎಲ್ಲ ನಾನೇ ಹೇಳ್ದೆ. ನನ್ನ ಫೋನಿಗೆ ಹಾಗೊಂದು ಮೆಸೇಜು ಬಂದು ಅದರಲ್ಲಿ ಆರೋಗ್ಯ ಅಂತ ಇದ್ದಿದ್ರೆ ನಾನು ಮೊದಲು ಅದನ್ನೇ ಹಿಡೀತಿದ್ದೆ. ಅವರಿಗೆ ನನ್ನ ಕೈ ವಿಷಯ ಹೇಗೆ ಗೊತ್ತು ಅಂತ. ಖೈಂಜಾಗೆ ಗೊತ್ತು, ಡಾಕ್ಟರಿಗೆ ಗೊತ್ತು. ಇನ್ಯಾರಿಗೆ ಗೊತ್ತು? ಯಾರಾದ್ರೂ ಅದನ್ನೇ ಕೇಳ್ತಾರೆ. ನೀನು ಕೇಳ್ಲಿಲ್ಲ.

ಯಾವಾಗಿಂದ ಗೊತ್ತು ನಿನಗೆ?

...ಬೆರಳಲ್ಲಿ ತೋರಿಸಬೇಡ, ಬಾಯಲ್ಲಿ ಹೇಳು. ಮೂರು. ಮೂರು ದಿನವಾ? ...ಮೂರು ವಾರ.

ಮೂರು ವಾರ ಅಂದ್ರೆ ಆ ಊಟದ ಮಾರನೇ ದಿನದಿಂದ. ಗೊತ್ತಿದ್ದೂ ಮೂರು ಭಾನುವಾರ ಚರ್ಚಲ್ಲಿ ನನ್ನ ಪಕ್ಕ ಕೂತೆ. ಯಾರು ಹೇಳಿದ್ರು ಅಂತ ಕೇಳಲ್ಲ, ಕೇಳೋ ಮುಖ ಇಲ್ಲ. ಹೌದು, ನಾನೇ ಹೇಳ್ದೆ. ಆ ಕಂಪಾಲಾ ಹುಡುಗಿ ಇಬ್ಬರ ಹೆಸರನ್ನೂ ಪಕ್ಕಪಕ್ಕ ಬರ್ಕೊಂಡು, ನಿಮ್ಮಿಬ್ಬರಲ್ಲಿ ಒಳ್ಳೇ ಕೈ ಯಾರದು ಅಂತ ಕೇಳಿದ್ಲು. ಮುದೋಮಾಂದು ಅಂದೆ. ಅದನ್ನೂ ಹೇಳ್ದೆ ಕಣೋ, ಅದು ಸುಳ್ಳಲ್ಲ. ಆಮೇಲೆ, ಪಾಪ ಈಗ ಅವನ ಕೈ ನಡುಗುತ್ತೆ ಅಂದೆ. ಪಾಪ ಅಂತ ಸೇರಿಸಿಯೇ ಅಂದೆ.

ಕೂತ್ಕೋ. ಇನ್ನೊಂದಿದೆ. ಹೋಗ್ಬೇಡ, ಇದೊಂದು ಕೇಳಿ ಹೋಗು.

ಹೋದ ಮಂಗಳವಾರ ನಿನ್ನ ಮನೆಗೆ ಬಂದಿದ್ದೆನಲ್ಲ. ಕುಮಿ ರಸ್ತೇಲಿ ಒಂದು ಬಾರ್ ಅಂಗಡಿಗೆ ಬೋರ್ಡು ಬರೀಬೇಕು, ಈ ಅಲೆ ನನಗೆ ಕೂರ್ತಿಲ್ಲ, ಸ್ವಲ್ಪ ತೋರಿಸು ಅಂದೆ. ಬಾರು ಗೀರು ಏನೂ ಇರ್ಲಿಲ್ಲ. ಅದು ಹೊಸ ಕಂಪನಿದೇ ಗುರುತು ಅಂತ ನಿನಗೆ ಗೊತ್ತಿತ್ತು. ಗೊತ್ತಿತ್ತಲ್ವಾ? ...ಗೊತ್ತಿದ್ದೂ ನೀನು ಎದ್ದೆ. ಕುಂಚ ತಗೊಂಡು ಅಡುಗೆಮನೆ ಗೋಡೆ ಮೇಲೆ ಒಂದೇ ಉಸಿರಲ್ಲಿ ಎಳೆದೆ, ಮೂರು ಸಲ, ಎತ್ತದೇ. ಮೊಣಕೈ ಅಲ್ಲ, ಭುಜದಿಂದ ಎಳಿ ಅಂದೆ ನನಗೆ. ನಾನು ನಿನ್ನ ಕೈನೇ ನೋಡ್ತಿದ್ದೆ. ಲೋಟ ಹಿಡಿದ್ರೆ ನಡುಗೋ ಕೈ, ಕುಂಚ ಹಿಡಿದ್ರೆ ನಿಂತುಹೋಗುತ್ತೆ. ಮೊದಲಿಂದಲೂ ಹಾಗೇ. ಅದು ನನಗೆ ಗೊತ್ತಿತ್ತು, ಆ ಊಟದ ದಿನವೂ ಗೊತ್ತಿತ್ತು.

ಆಕೆ ಕೇಳಿದ್ಲು ಮುದೋಮಾ. ಕೆಟ್ಟವಳಲ್ಲ, ಸರಿಯಾಗೇ ಕೇಳಿದ್ಲು. ಬರೆಯೋವಾಗಲೂ ನಡುಗುತ್ತಾ, ಮಿಸ್ಟರ್ ವೆರಿಖೆ, ಅಂತ.

ನಾನು ಏನೂ ಹೇಳ್ಲಿಲ್ಲ. ತಟ್ಟೆ ನೋಡ್ತಾ ಕೂತಿದ್ದೆ. ಸ್ವಲ್ಪ ಹೊತ್ತು ಕಾದ್ಲು, ಆಮೇಲೆ ನಿನ್ನ ಹೆಸರಿನ ಮುಂದೆ ಬರ್ಕೊಂಡ್ಲು.